ಕೌದಿ ತರಗತಿಗೆ ಹಣ ಕಟ್ಟಬೇಕೆ?



ಕೊಳ್ಳೇಗಾಲದಲ್ಲಿ ಕೌದಿ ಹೊಲಿಗೆಯ ತರಗತಿ ತೆರೆಯುತ್ತಾರಂತೆ. ಶುಲ್ಕ ಕಟ್ಟಿ ಮನೆಯ ಹೆಣ್ಣುಮಕ್ಕಳನ್ನು ಸೇರಿಸಬಹುದೆ ಎಂದು ಕಾಮಗೆರೆ ಕಡೆಯ ಕೆಲವು ಸದಸ್ಯರು ಕೇಳಿದ್ದಾರೆ. ಅರ್ಧ ಶುಲ್ಕವನ್ನು ಸಂಘವೇ ಕೊಡಲಿ ಎಂಬ ಸಲಹೆಯೂ ಬಂದಿದೆ. ಈ ವಿಷಯವಾಗಿ ನಾಲ್ಕು ಮಾತು.

ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೆ: ಕಲಿಯುವುದು ಹೊದೆಯುವುದಕ್ಕೋ, ಮಾರುವುದಕ್ಕೋ?

ಹೊದೆಯುವುದಕ್ಕಾದರೆ ಶುಲ್ಕ ದಂಡ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ ಸಾಲು ಹೊಲಿಗೆ ಹಾಕಬಲ್ಲ ಅಜ್ಜಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಿಸಿದ ಹೂವು ಇಡುತ್ತಾರೆ. ಅವರ ಕೌದಿ ಹೊರದೇಶದವರೆಗೂ ಹೆಸರಾಗಿದೆ. ಅದನ್ನು ಕಲಿಸಿದ್ದು ತಾಯಿ, ಅಜ್ಜಿಯರೇ ಹೊರತು ತರಗತಿಯಲ್ಲ. ನಮ್ಮ ತಾಯಿ ಹೊಲಿದ ಕೌದಿ ಈಗಲೂ ನನ್ನ ಮಂಚದ ಮೇಲಿದೆ. ಅವರಿರುವಾಗ ಮನೆಯಲ್ಲಿ ಯಾರೂ ಕಲಿಯಲಿಲ್ಲ. ಆ ತಪ್ಪು ನಮ್ಮದು, ನೀವು ಮಾಡಬೇಡಿ.

ಮಾರುವುದಕ್ಕಾದರೆ ತೋಟದ ಲೆಕ್ಕವನ್ನೇ ಹಾಕಿ ನೋಡೋಣ. ದಿನಕ್ಕೆ 2 ಗಂಟೆಯಂತೆ ಕೂತರೆ ಒಂದು ದೊಡ್ಡ ಕೌದಿಗೆ 45 ದಿನ ಹಿಡಿಯಿತೆನ್ನಿ. ಅಲ್ಲಿಗೆ 90 ಗಂಟೆ. ಅಂದರೆ 11 ದಿನದ ಕೂಲಿಗೂ ಮೇಲೆ. ಅಷ್ಟು ಬೆಲೆ ಕೊಡುವ ಗಿರಾಕಿ ಯಾರು? ಇದಕ್ಕೆ ಉತ್ತರವಿಲ್ಲದ ತರಗತಿಯಿಂದ ಸರ್ಟಿಫಿಕೇಟು ಸಿಗುತ್ತದೆ, ಸಂಪಾದನೆ ಸಿಗುವುದಿಲ್ಲ. ಹಿಂದೆ ನಮ್ಮ ಮನೆಯಲ್ಲೇ ಹೊಲಿಗೆ ತರಬೇತಿಗೆ ಹಣ ಕಟ್ಟಿ, ಮಷಿನ್ನನ್ನೂ ಕೊಂಡೆವು. ಇಂದು ಅದರ ಮೇಲೆ ಮೆಣಸಿನ ಚೀಲ ಕೂತಿದೆ.

ಬೆಳೆಯುವುದು ಬೇರೆ, ಮಾರುವುದು ಬೇರೆ ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1996ರಲ್ಲಿ ಕಾಫಿ ಬೋರ್ಡಿನ ಪೂಲ್ ಪೂರ್ತಿ ನಿಂತ ಮೇಲೆ ಗಿರಾಕಿಯನ್ನು ನಾವೇ ಹುಡುಕಿಕೊಂಡೆವು. ಅಡಿಕೆಗೆ ಮಾರುಕಟ್ಟೆ ಬೇಕೆಂದೇ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಕೌದಿಯ ಮಾತೂ ಹಾಗೆಯೇ. 1966ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕಪ್ಪು ಹೆಣ್ಣುಮಕ್ಕಳು ‘ಫ್ರೀಡಮ್ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಕಟ್ಟಿದರು. ಹೊಲಿಗೆ ಅವರಿಗೆ ತಾಯಂದಿರಿಂದಲೇ ಬಂದಿತ್ತು. ಸಂಘ ತಂದುಕೊಟ್ಟದ್ದು ನ್ಯೂಯಾರ್ಕಿನ ಗಿರಾಕಿಯನ್ನು.

ಆದ್ದರಿಂದ ಅರ್ಧ ಶುಲ್ಕ ಕೊಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಅದರ ಬದಲು ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿದು ಶಿವರಾತ್ರಿ ಕಳೆದ ಮೇಲೆ, ಕೌದಿ ಬಲ್ಲ ಒಬ್ಬ ಅಜ್ಜಿಯನ್ನು ಕರೆಸಿ, ಎಲೆ ಅಡಿಕೆಯ ಜೊತೆಗೆ ದಿನಗೂಲಿಯನ್ನೂ ಸಂಘದಿಂದ ಕೊಡೋಣ. 5 ಕೌದಿ ಆಗಲಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಕ್ಕೆ ಬರುವವರ ಮುಂದೆ ಇಟ್ಟು ನೋಡೋಣ. ಕೂಲಿ ಗಿಟ್ಟಿದರೆ, ಬಣ್ಣ ಜೋಡಣೆ, ಅಂಚು ಕಟ್ಟುವುದು ಇತ್ಯಾದಿ ತಿದ್ದಿಕೊಳ್ಳಲು ತರಗತಿಗೆ ಹಣ ಕಟ್ಟುವುದರಲ್ಲಿ ಅರ್ಥವಿದೆ. ಬರಿಯ ಮಷಿನ್ ಹೊಲಿಗೆ ಕಲಿಯಬೇಕೆಂಬುವರು ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಮೊದಲು ವಿಚಾರಿಸಲಿ. ಅಲ್ಲಿ ತರಬೇತಿ ಉಚಿತ, ಊಟವೂ ಇದೆ.

ಇದು ನನ್ನ ಅಭಿಪ್ರಾಯ ಮಾತ್ರ. ಹೊಲಿಯುವ ಕೈ ನಮ್ಮದಲ್ಲ. ಮನೆಯಲ್ಲಿ ಇದನ್ನು ಓದಿ ಹೇಳಿ, ಅವರ ಮಾತು ಕೇಳಿಕೊಂಡು ಮುಂದಿನ ಸಭೆಗೆ ಬನ್ನಿ. ಅವರನ್ನೇ ಕರೆತಂದರೆ ಇನ್ನೂ ಒಳ್ಳೆಯದು.

— ಕಾರ್ಯದರ್ಶಿ