ತರುಣ ಆಟಗಾರರೂ ನಮ್ಮ ಆತುರವೂ

ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಾಗಲಿ, ಕ್ರಿಕೆಟ್ ಮೈದಾನದಲ್ಲಾಗಲಿ, ತರುಣನೊಬ್ಬನು ಒಂದು ದಿನ ಮೆರೆದನೆಂದರೆ ಜನರು ಅವನಿಂದ ನಿತ್ಯವೂ ಅದನ್ನೇ ಅಪೇಕ್ಷಿಸುವರು. ಮರುದಿನ ಸೋತನೆಂದರೆ ಮುಖ ತಿರುಗಿಸುವರು. ಇದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.

ನಮ್ಮ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಜನಿಸಿದ ಶ್ರೀ ಗುಂಡಪ್ಪ ವಿಶ್ವನಾಥರು 1969ರ ನವೆಂಬರಿನಲ್ಲಿ, ತಮ್ಮ 20ನೆಯ ವಯಸ್ಸಿನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದೆದುರು ಮೊದಲನೆಯ ಟೆಸ್ಟ್ ಆಡಿದರು. ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ಸೊನ್ನೆಯನ್ನೇ ತೀರ್ಪೆಂದೆಣಿಸಿದ್ದರೆ, 91 ಟೆಸ್ಟ್‌ಗಳಲ್ಲಿ 6080 ರನ್ ಗಳಿಸಿದ ಕಲೆಗಾರನನ್ನು ದೇಶವು ಕಳೆದುಕೊಳ್ಳುತ್ತಿತ್ತು.

ಕರ್ನಾಟಕದವರೇ ಆದ ಶ್ರೀ ಕರುಣ್ ನಾಯರರ ಕಥೆ ಬೇರೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನೆದುರು ಅಜೇಯ 303 ಹೊಡೆದವರಿಗೆ ಮುಂದಿನ ಟೆಸ್ಟಿನಲ್ಲಿಯೇ ಸ್ಥಳ ದೊರೆಯಲಿಲ್ಲ. ಅನಂತರದ ಮೂರು ಟೆಸ್ಟ್‌ಗಳಲ್ಲಿ ದೊಡ್ಡ ಮೊತ್ತ ಬಾರದಿರಲು, 2025ರ ಜೂನ್‌ವರೆಗೆ ಬಾಗಿಲು ಮುಚ್ಚಿಯೇ ಇದ್ದಿತು. ಮುನ್ನೂರರ ಅಳತೆಗೋಲಿನ ಮುಂದೆ ಯಾರು ತಾನೆ ನಿಂತಾರು?

ಪ್ರಶಂಸೆಯು ಗೊಬ್ಬರವಿದ್ದಂತೆ, ಹದ ಮೀರಿದರೆ ಸಸಿಯನ್ನೇ ಸುಡುವುದು. ಇಂದು ಸೊರಬ ತಾಲ್ಲೂಕಿನ ಕುಬಟೂರಿನಲ್ಲಿ ಚೆಂಡು ಹಿಡಿದ ಬಾಲಕನು ನಾಳೆ ಕಾಲೇಜು ಸೇರಿ ಮೆರೆದಾನು. ಅವನಿಗೆ ಹೂವಿನ ಹಾರದೊಡನೆ ಸೋಲುವುದಕ್ಕೆ ಅವಕಾಶವನ್ನೂ ಕೊಡಬೇಕೆಂದು ವಾಚಕ ಮಹಾಶಯರನ್ನೂ, ತಂಡಗಳನ್ನಾರಿಸುವ ಅಧಿಕಾರಿಗಳನ್ನೂ ಪ್ರಾರ್ಥಿಸುತ್ತೇವೆ.