ಮುಂದಿನ ಗಾಲಿಗೂ ದಪ್ಪ ಟೈರ್ ಬೇಕಾ, ಗುರುವೇ?

'ಬುಲಿಟ್' (1968) ನೋಡಿದ ಹುಡುಗರು ನನ್ನನ್ನು ಕೇಳೋದು ಒಂದೇ ಮಾತು: "ಸಾರ್, ಆ ಮಸ್ಟಾಂಗ್‌ಗೆ ಮುಂದೆಯೂ ಅಗಲದ ಟೈರ್ ಹಾಕಿದ್ರೆ ಇನ್ನೂ ಖದರ್ ಅಲ್ವಾ?" ಖದರ್ ಏನೋ ಸರಿ ಸ್ವಾಮಿ, ತಿರುವು ಬಂದಾಗ?

ಹೇಳ್ತೀನಿ ಕೇಳಿ. ಮಸ್ಟಾಂಗ್ ಆಗಲಿ, ಅದು ಬೆನ್ನಟ್ಟಿದ ಡಾಡ್ಜ್ ಚಾರ್ಜರ್ ಆಗಲಿ, ಎಂಜಿನ್ನಿನ ಬಲ ಹೋಗುವುದು ಹಿಂದಿನ ಚಕ್ರಕ್ಕೆ. ನೆಲ ಕಚ್ಚಿ ಗಾಡಿಯನ್ನು ನೂಕಬೇಕಾದದ್ದು ಅದೇ. ಅಲ್ಲಿ ಅಗಲ ಇದ್ದರೆ ಅಂದವೂ ಉಂಟು, ಕೆಲಸವೂ ಉಂಟು. ಮುಂದಿನ ಚಕ್ರ ಮಾತ್ರ ಎಡಬಲ ತಿರುಗಬೇಕು, ಗುಂಡಿ ಸಿಕ್ಕರೆ ಮೇಲೇಳಬೇಕು. ಅದಕ್ಕೆ ಜಾಗ ಬೇಡವೇ?

ಹಳೇ ಮಸ್ಟಾಂಗ್‌ನಲ್ಲಿ ಒಳಗಡೆ ಜಾಗ ಕಮ್ಮಿ. ಚಕ್ರವನ್ನು ಹೊರಗೆ ತಂದಿರೋ, ಮಡ್‌ಗಾರ್ಡಿನ ಅಂಚು ರಬ್ಬರನ್ನು ಕೊಯ್ಯುತ್ತೆ. ಸ್ಟೀರಿಂಗ್ ಭಾರವಾಗುತ್ತೆ, ಗುಂಡಿಯ ಏಟೆಲ್ಲ ಕೈಗೇ ಬೀಳುತ್ತೆ. ಮಳೆನೀರಿನಲ್ಲಿ ಅಗಲದ ಟೈರ್ ಬೇಗ ತೇಲುತ್ತೆ. ಆಗ ಹೀರೋನೂ ಒಂದೇ, ವಿಲನ್ನೂ ಒಂದೇ!

ಸ್ಯಾನ್ ಫ್ರಾನ್ಸಿಸ್ಕೋದ ದಿಬ್ಬಗಳ ಮೇಲೆ ಸ್ಟೀವ್ ಮೆಕ್ವೀನ್ ಗಾಡಿ ಹಾರಿತಲ್ಲ, ಅದರ ಗುಟ್ಟು ಬರೀ ಟೈರಲ್ಲ. ಮೆಕ್ಯಾನಿಕ್ ಮ್ಯಾಕ್ಸ್ ಬಾಲ್‌ಚೌಸ್ಕಿ ಮೊದಲೇ ಅದರ ಸಸ್ಪೆನ್ಷನ್ ಗಟ್ಟಿ ಮಾಡಿದ್ದರು.

ಅಮೆರಿಕಾದಲ್ಲಿ ಇಂಥ ಗಾಡಿ ಸಾಕುವ ಬುದ್ಧಿವಂತರು ಮೊದಲು ಸ್ಪ್ರಿಂಗ್ ಕಳಚಿ, ಜ್ಯಾಕಿನಿಂದ ಚಕ್ರ ಎತ್ತಿ, ಸ್ಟೀರಿಂಗನ್ನು ಎರಡೂ ಕಡೆ ಕೊನೇತನಕ ತಿರುಗಿಸಿ ನೋಡ್ತಾರೆ. ಎಲ್ಲೂ ತಾಗದಿದ್ದರೇನೇ ದುಡ್ಡು ಬಿಚ್ಚೋದು.

ಹಿಂದೆ ಅಗಲ, ಮುಂದೆ ಹದ. ನನ್ನ ಓಟು ಅದಕ್ಕೇ!