ಆಡುವ ಮೊದಲೇ ಅಂಕ ಕೊಡುವವರು

ವಿಶ್ವಕಪ್ ಫುಟ್‌ಬಾಲಿಗಾಗಿ ಚೀಟಿ ಎತ್ತಿ ಗುಂಪುಗಳನ್ನು ವಿಂಗಡಿಸಿದ ಮರುದಿನವೇ ಪತ್ರಿಕೆಗಳಲ್ಲಿ ಒಂದು ಪಟ್ಟಿ ಪ್ರತ್ಯಕ್ಷವಾಗುತ್ತದೆ. ಈ ಗುಂಪಿನಲ್ಲಿ ಮೊದಲು ಬರುವವರು ಇವರು, ಎರಡನೆಯವರು ಇವರು, ಮೂರನೆಯವರು ಹೋರಾಡಿ ಸೋಲುವವರು, ನಾಲ್ಕನೆಯವರು ಸುಮ್ಮನೆ ಬಂದು ಹೋಗುವವರು! ಅಭಿಮಾನಿಗಳು ಆ ಪಟ್ಟಿಯನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಕಾದಾಡುತ್ತಾರೆ. ಈ ಪುಟಗಳನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳ ಮಕ್ಕಳಲ್ಲಿಯೂ ಇಂಥ ಕದನಪ್ರಿಯರು ಹಲವರಿದ್ದಾರೆ. ಅವರ ವಾದಗಳನ್ನು ವರ್ಷಗಳಿಂದ ಕೇಳುತ್ತ ಬಂದಿರುವ ನನಗೆ ಒಂದು ಸಂಗತಿ ಬಹಳವಾಗಿ ಚುಚ್ಚುತ್ತದೆ. ಮೊದಲ ಎರಡು ಸ್ಥಾನಗಳ ವಿಷಯದಲ್ಲಿ ಗಂಟಲು ಹರಿಯುವಂತೆ ವಾದಿಸುವ ಇವರು, ನಾಲ್ಕನೆಯ ಸ್ಥಾನದ ವಿಷಯದಲ್ಲಿ ಮಾತ್ರ ಪತ್ರಿಕೆಯ ತೀರ್ಪನ್ನು ತುಟಿ ಪಿಟಕ್ಕೆನ್ನದೆ ಒಪ್ಪಿಕೊಂಡುಬಿಡುತ್ತಾರೆ.

ಪತ್ರಿಕೆಗಳ ಭವಿಷ್ಯ ಸುಳ್ಳಾಗುತ್ತದೆಂಬುದು ನನ್ನ ದೂರಲ್ಲ. ಜ್ಯೋತಿಷಿಗಳದ್ದೂ ಸುಳ್ಳಾಗುತ್ತದೆ, ಹವಾಮಾನ ಇಲಾಖೆಯವರದ್ದೂ ಆಗುತ್ತದೆ. ಉತ್ತರಪತ್ರಿಕೆಯನ್ನು ಬಿಡಿಸಿ ನೋಡದೆಯೇ ಅಂಕ ಬರೆದರಲ್ಲಾ, ಅದು ನನ್ನ ದೂರು.

2014ರ ಬ್ರೆಜಿಲ್ ಕೂಟದ 'ಡಿ' ಗುಂಪನ್ನು ನೆನಪಿಸಿಕೊಳ್ಳಿ. ಉರುಗ್ವೆ, ಇಟಲಿ, ಇಂಗ್ಲೆಂಡ್ ಮತ್ತು ಕೋಸ್ಟರಿಕ. ಉರುಗ್ವೆ 1930 ಮತ್ತು 1950ರ ವಿಶ್ವವಿಜೇತ. ಇಟಲಿ 1934, 1938, 1982, 2006ರಲ್ಲಿ ಕಪ್ ಗೆದ್ದ ದೇಶ. ಇಂಗ್ಲೆಂಡಿಗೆ 1966ರ ಕಪ್ಪು. ಮೂರು ದೇಶಗಳಿಗೂ ಸೇರಿ ಏಳು ವಿಶ್ವಕಪ್ಪುಗಳು! ನಾಲ್ಕನೆಯದು ಮಧ್ಯ ಅಮೆರಿಕದ ಒಂದು ಪುಟ್ಟ ದೇಶ. ಅಂದಿನ ಜನಸಂಖ್ಯೆ ಐವತ್ತು ಲಕ್ಷಕ್ಕೂ ಕಡಿಮೆ. 1948ರಲ್ಲಿ ಸೈನ್ಯವನ್ನೇ ರದ್ದುಪಡಿಸಿದ ಅಪರೂಪದ ರಾಷ್ಟ್ರ. (ಈ ಕೊನೆಯ ವಿಷಯವನ್ನು ನಮ್ಮ ಸಮಾಜ ಪಾಠದ ಪುಸ್ತಕಗಳಲ್ಲಿ ಸೇರಿಸಬೇಕೆಂಬುದು ನನ್ನ ಹಳೆಯ ಆಸೆ. ಇರಲಿ.)

2013ರ ಡಿಸೆಂಬರ್ 6ರಂದು ಬ್ರೆಜಿಲಿನ ಬಹಿಯಾ ಪ್ರಾಂತದಲ್ಲಿ ಗುಂಪುಗಳ ವಿಂಗಡಣೆ ನಡೆದಾಗ, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಗ್ರೆಗ್ ಡೈಕ್ ಸಭೆಯಲ್ಲಿ ಕುಳಿತಲ್ಲಿಂದಲೇ ಬೆರಳಿನಿಂದ ಕತ್ತು ಕುಯ್ಯುವ ಸನ್ನೆ ಮಾಡಿದ್ದು ಕ್ಯಾಮೆರಾದ ಕಣ್ಣಿಗೆ ಬಿತ್ತು. ಮರುದಿನದ ಪತ್ರಿಕೆಗಳಿಗೆ ಅಷ್ಟೇ ಸಾಕಾಯಿತು. 'ಸಾವಿನ ಗುಂಪು' ಎಂಬ ಹಳೆಯ ನಾಣ್ಯ ಮತ್ತೆ ಚಲಾವಣೆಗೆ ಬಂತು. ಆದರೆ ಯಾರ ಸಾವು? ಮೂವರು ದೊಡ್ಡವರಲ್ಲಿ ಒಬ್ಬರು ಹೊರಬೀಳಬೇಕಲ್ಲ ಎಂಬುದಷ್ಟೇ ಆ ಶೋಕದ ಕಾರಣ. ನಾಲ್ಕನೆಯವರು ಮೊದಲೇ ಸತ್ತವರೆಂದು ಲೆಕ್ಕ. ಸತ್ತವರಿಗಾಗಿ ಯಾರೂ ಮತ್ತೊಮ್ಮೆ ಅಳುವುದಿಲ್ಲ.

ಅಭಿಮಾನಿಗಳ ಚರ್ಚೆಯೂ ಇದೇ ಜಾಡಿನಲ್ಲಿ ಸಾಗಿತು. ಇಟಲಿಯ ಪಿರ್ಲೋಗೆ ವಯಸ್ಸಾಯಿತೇ? ಮೇ ತಿಂಗಳಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಸುವಾರೆಸ್ ಜೂನಿನೊಳಗೆ ಎದ್ದು ಓಡಬಲ್ಲನೇ? ಅಮೆಜಾನ್ ಕಾಡಿನ ನಡುವಣ ಮನೌಸ್ ನಗರದ ಸೆಕೆಯನ್ನು ಇಂಗ್ಲೆಂಡಿನ ಹುಡುಗರು ತಡೆದಾರೇ? ತರಬೇತುದಾರ ರಾಯ್ ಹಾಡ್ಜ್‌ಸನ್, ವಿಂಗಡಣೆಗೆ ಮುನ್ನವೇ ಆ ಊರು ತಪ್ಪಿದರೆ ಒಳ್ಳೆಯದೆಂಬ ಅರ್ಥದ ಮಾತನಾಡಿ ಅಲ್ಲಿಯ ಮೇಯರರ ಕೋಪಕ್ಕೆ ಗುರಿಯಾಗಿದ್ದರು. ವಿಧಿ ಇಂಗ್ಲೆಂಡಿನ ಮೊದಲ ಪಂದ್ಯವನ್ನು ಅಲ್ಲಿಗೇ ಹಾಕಿತು. ಮನೌಸಿನ ತೇವಾಂಶದ ಬಗ್ಗೆ ಬರೆದ ಕಾಲಂಗಳಲ್ಲಿ ಕಾಲುಭಾಗವನ್ನಾದರೂ ಕೋಸ್ಟರಿಕ ತಂಡದ ಆಟದ ಬಗ್ಗೆ ಬರೆಯಬಹುದಿತ್ತು. ನಮ್ಮ ಹುಡುಗರ ವಾದದಲ್ಲಿ ಕೋಸ್ಟರಿಕದ ಹೆಸರು ಬಂದದ್ದು ಒಂದೇ ಸಂದರ್ಭದಲ್ಲಿ: ಮೂರು ದೊಡ್ಡ ತಂಡಗಳಲ್ಲಿ ಯಾವುದು ಅದರ ಮೇಲೆ ಹೆಚ್ಚು ಗೋಲು ಹೊಡೆದು ಗೋಲುಗಳ ಅಂತರ ಹೆಚ್ಚಿಸಿಕೊಳ್ಳುತ್ತದೆ ಎಂಬ ಲೆಕ್ಕಾಚಾರದಲ್ಲಿ.

ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ಜೂನ್ 14ರಂದು ಫೋರ್ತಲೆಜಾದಲ್ಲಿ ಉರುಗ್ವೆ ಪೆನಾಲ್ಟಿಯಿಂದ ಮೊದಲ ಗೋಲು ಗಳಿಸಿತು. ದ್ವಿತೀಯಾರ್ಧದಲ್ಲಿ ಕ್ಯಾಂಪ್‌ಬೆಲ್, ಡ್ವಾರ್ಟೆ, ಉರೆನ್ಯ ಒಬ್ಬರಾದ ಮೇಲೊಬ್ಬರು ಗೋಲು ಹೊಡೆದು ಕೋಸ್ಟರಿಕ 3-1ರಿಂದ ಗೆದ್ದಿತು. ಸುವಾರೆಸ್ ಆಡಲಿಲ್ಲ, ಅದಕ್ಕೇ ಹೀಗಾಯಿತು ಎಂದರು. ಜೂನ್ 20ರಂದು ರೆಸಿಫೆಯಲ್ಲಿ ಇಟಲಿಯ ಸರದಿ. ನಮ್ಮಲ್ಲಿ ಆಗ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ನೋಡುವ ಹೊತ್ತು. ಇಂಗ್ಲೆಂಡ್ ಆ ವೇಳೆಗಾಗಲೇ ಎರಡು ಪಂದ್ಯ ಸೋತು, ಇಟಲಿ ಗೆಲ್ಲಲೆಂದು ದೇವರಿಗೆ ಹರಕೆ ಹೊತ್ತು ಕುಳಿತಿತ್ತು. ಕೋಸ್ಟರಿಕವನ್ನು ಸೋಲಿಸಿದರೆ ಬ್ರಿಟನ್ನಿನ ರಾಣಿಯಿಂದ ಕೆನ್ನೆಗೊಂದು ಮುತ್ತು ಬೇಕೆಂದು ಇಟಲಿಯ ಬಲೊಟೆಲ್ಲಿ ತಮಾಷೆಯಾಗಿ ಬರೆದುಕೊಂಡಿದ್ದ. ಕೋಸ್ಟರಿಕದ ರಕ್ಷಣಾ ಸಾಲು ಒಮ್ಮೆಲೇ ಮುಂದೆ ಸರಿದು ಅದೇ ಬಲೊಟೆಲ್ಲಿಯನ್ನು ಮತ್ತೆ ಮತ್ತೆ ಆಫ್‌ಸೈಡಿನ ಬಲೆಗೆ ಕೆಡವಿತು. ವಿರಾಮಕ್ಕೆ ಮೊದಲು ಸಿಗಬೇಕಿದ್ದ ಪೆನಾಲ್ಟಿಯೊಂದು ಸಿಗಲಿಲ್ಲ. ಅದಾದ ಸ್ವಲ್ಪ ಹೊತ್ತಿನಲ್ಲೇ ನಾಯಕ ಬ್ರಯನ್ ರುಯಿಸ್ ತಲೆಯಿಂದ ಹೊಡೆದ ಚೆಂಡು ಮೇಲಿನ ಪಟ್ಟಿಗೆ ಬಡಿದು ಗೆರೆಯ ಒಳಗೆ ಬಿತ್ತು. 1-0. ಇಂಗ್ಲೆಂಡ್ ಮನೆಗೆ ಹೊರಟಿತು. ಕೊನೆಯ ಪಂದ್ಯದಲ್ಲಿ ಇಂಗ್ಲೆಂಡಿನೊಡನೆ ಗೋಲಿಲ್ಲದ ಸಮಬಲ. ಏಳು ಅಂಕಗಳೊಡನೆ ಕೋಸ್ಟರಿಕ ಗುಂಪಿನಲ್ಲಿ ಪ್ರಥಮ. ಉರುಗ್ವೆ ಆರು, ಇಟಲಿ ಮೂರು, ಇಂಗ್ಲೆಂಡ್ ಒಂದು.

ಪತ್ರಿಕೆಗಳು ಇದನ್ನು 'ಪವಾಡ' ಎಂದು ಕರೆದವು. ನೋಡದಿದ್ದವರು ತಾವು ನೋಡಲಿಲ್ಲವೆಂದು ಹೇಳಿಕೊಳ್ಳಲಾರದೆ ಆಶ್ರಯಿಸುವ ಪದವಿದು. ಪವಾಡವೇ ಹೌದೆ? ಲೋಕಕ್ಕೆಲ್ಲ ಬಯಲಾಗಿದ್ದ ಸಂಗತಿಗಳನ್ನಷ್ಟೇ ನೋಡೋಣ. 2013ರ ಅರ್ಹತಾ ಸುತ್ತಿನ ಕೊನೆಯ ಘಟ್ಟದಲ್ಲಿ ಉತ್ತರ ಮತ್ತು ಮಧ್ಯ ಅಮೆರಿಕದ ಆರು ತಂಡಗಳ ಪೈಕಿ ಕೋಸ್ಟರಿಕ ಎರಡನೆಯ ಸ್ಥಾನ ಪಡೆದಿತ್ತು. ಹತ್ತು ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟದ್ದು ಏಳೇ ಗೋಲು. ಆ ಆರರಲ್ಲಿ ಅದಕ್ಕಿಂತ ಬಿಗಿಯಾದ ರಕ್ಷಣೆ ಇನ್ನೊಂದಿರಲಿಲ್ಲ. ಮೆಕ್ಸಿಕೋದ ಮಹಾ ಅಸ್ತೆಕಾ ಕ್ರೀಡಾಂಗಣದಲ್ಲಿ ಒಂದೂ ಗೋಲು ಬಿಟ್ಟುಕೊಡದೆ ಸಮಬಲ ಸಾಧಿಸಿತ್ತು. ಸ್ಯಾನ್ ಹೊಸೆಯಲ್ಲಿ ಅಮೆರಿಕವನ್ನು 3-1ರಿಂದ ಸೋಲಿಸಿತ್ತು. ಗೋಲ್‌ಕೀಪರ್ ಕೇಲರ್ ನವಾಸ್ ಸ್ಪೇನಿನ ಮೊದಲ ದರ್ಜೆಯ ಲೀಗಿನಲ್ಲಿ ಲೆವಾಂತೆ ತಂಡಕ್ಕೆ ವಾರವಾರವೂ ಆಡುತ್ತಿದ್ದ. ನಾಯಕ ರುಯಿಸ್ 2011ರಿಂದ ಲಂಡನ್ನಿನ ಫುಲಂ ತಂಡದ ಆಟಗಾರ. ಕ್ಯಾಂಪ್‌ಬೆಲ್ಲನ ಒಡೆತನ ಲಂಡನ್ನಿನದೇ ಆದ ಆರ್ಸೆನಲ್ಲಿನದು. ಎರವಲಿನ ಮೇಲೆ ಗ್ರೀಸಿನ ಒಲಿಂಪಿಯಾಕೋಸಿಗೆ ಆಡುತ್ತ, 2014ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧವೇ ದೂರದಿಂದ ಸೊಗಸಾದ ಗೋಲು ಹೊಡೆದಿದ್ದ. ಆ ಪಂದ್ಯವನ್ನು ನೋಡದ ಇಂಗ್ಲಿಷ್ ಕ್ರೀಡಾವರದಿಗಾರನಿರಲಾರ. ಮನೆಯಂಗಳದಲ್ಲಿ ಓಡಾಡುತ್ತಿದ್ದವನನ್ನು ಗುರುತಿಸದೆ, ವಿಶ್ವಕಪ್ಪಿನಲ್ಲಿ ಕಂಡಾಗ 'ಎಲ್ಲಿಂದ ಬಂದನಪ್ಪ ಇವನು' ಎಂದರೆ ಏನೆನ್ನಬೇಕು?

ಇನ್ನೂ ಹಿಂದಕ್ಕೆ ಹೋಗುವುದಾದರೆ, 1990ರಲ್ಲಿ ಮೊದಲ ಬಾರಿಗೆ ವಿಶ್ವಕಪ್ಪಿಗೆ ಬಂದಾಗಲೇ ಈ ದೇಶ ಸ್ಕಾಟ್ಲೆಂಡನ್ನೂ ಸ್ವೀಡನ್ನನ್ನೂ ಸೋಲಿಸಿ ಎರಡನೆಯ ಸುತ್ತಿಗೆ ಹೋಗಿತ್ತು. ಇತಿಹಾಸವನ್ನೇ ಆಧಾರವಾಗಿ ಹಿಡಿಯುವವರು ಈ ಇತಿಹಾಸವನ್ನಾದರೂ ಓದಬಹುದಿತ್ತು.

ನನ್ನ ವಿದ್ಯಾರ್ಥಿಯೊಬ್ಬ, ಈಗ ಸಂಖ್ಯಾಶಾಸ್ತ್ರವನ್ನೇ ವೃತ್ತಿಯಾಗಿಸಿಕೊಂಡವನು, ಇದಕ್ಕೆ ತಕ್ಕ ಆಕ್ಷೇಪವೊಂದನ್ನು ಎತ್ತಿದ್ದಾನೆ: "ಸರ್, ಇಪ್ಪತ್ತರಲ್ಲಿ ಒಂದು ಸಲ ಆಗಬಹುದಾದದ್ದು ಆ ಒಂದು ಸಲ ಆದರೆ ಅಂದಾಜು ತಪ್ಪು ಎನ್ನಲಾಗದು. ನಾಲ್ಕನೆಯ ತಂಡ ಸಾಮಾನ್ಯವಾಗಿ ಸೋಲುತ್ತದೆ. ಪತ್ರಿಕೆಗಳು ಹೇಳಿದ್ದು ಅಷ್ಟೇ." ಮಾತು ಸರಿಯಾಗಿದೆ, ಒಪ್ಪುತ್ತೇನೆ. ಕೋಸ್ಟರಿಕವನ್ನು ತೂಗಿ ನೋಡಿ, ಅದರ ರಕ್ಷಣೆ ಬಿಗಿಯಾಗಿದೆ, ಆದರೂ ಈ ಈ ಕಾರಣಗಳಿಂದ ಸೋಲುತ್ತದೆ ಎಂದು ಬರೆದವನಿದ್ದರೆ ಅವನ ಮೇಲೆ ನನಗೆ ಗೌರವವೇ. ಸೋಲಬಹುದೆಂಬ ತೀರ್ಮಾನವನ್ನಲ್ಲ, ಕಾರಣವಿಲ್ಲದ ತೀರ್ಮಾನವನ್ನು ನಾನು ಖಂಡಿಸುತ್ತಿರುವುದು. ಗಣಿತದ ಪರೀಕ್ಷೆಯಲ್ಲಿ ಹಂತಗಳಿಲ್ಲದೆ ಬರೀ ಉತ್ತರ ಬರೆದಿಟ್ಟರೆ, ಉತ್ತರ ಸರಿಯಾಗಿದ್ದರೂ ನಾನು ಪೂರ್ಣಾಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆಲ್ಲ ನೆನಪಿರಬಹುದು.

ಇನ್ನೊಬ್ಬ ಕೇಳುತ್ತಾನೆ: "ಇದೆಲ್ಲ ಮನರಂಜನೆ ಸರ್, ಯಾಕಿಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತೀರಿ?" ಮನರಂಜನೆಯ ಒಂದು ಮಾದರಿಯನ್ನು ನೋಡಿ. 2010ರ ಕೂಟಕ್ಕಾಗಿ 2009ರ ಡಿಸೆಂಬರಿನಲ್ಲಿ ಗುಂಪುಗಳು ನಿರ್ಧಾರವಾದಾಗ ಇಂಗ್ಲೆಂಡಿನ ಪಾಲಿಗೆ ಬಂದವರು ಆಲ್ಜೀರಿಯಾ, ಸ್ಲೊವೇನಿಯಾ ಮತ್ತು ಅಮೆರಿಕ. 'ದಿ ಸನ್' ಪತ್ರಿಕೆ ಅಮೆರಿಕನ್ನರನ್ನು 'ಯಾಂಕ್ಸ್' ಎಂದು ಕರೆದು, ನಾಲ್ಕು ಹೆಸರುಗಳ ಮೊದಲಕ್ಷರ ಕೂಡಿಸಿ 'ಈಸಿ' ಎಂಬ ಪದ ಮಾಡಿ ಮುಖಪುಟದಲ್ಲಿ ಅಚ್ಚು ಹಾಕಿತು. ಸುಲಭ! ಆ ಸುಲಭದ ಗುಂಪಿನಲ್ಲಿ ಇಂಗ್ಲೆಂಡ್ ಅಮೆರಿಕದೊಡನೆ 1-1, ಆಲ್ಜೀರಿಯಾದೊಡನೆ 0-0 ಸಮಬಲ ಮಾಡಿಕೊಂಡು, ಸ್ಲೊವೇನಿಯಾವನ್ನು ಒಂದು ಗೋಲಿನಿಂದ ಸೋಲಿಸಿ ಹೇಗೋ ಪಾರಾಯಿತು. ಪ್ರಥಮ ಸ್ಥಾನ 'ಯಾಂಕ್ಸ್' ಪಾಲಾಯಿತು. ಇದರಿಂದ ಪಾಠ ಕಲಿತಿದ್ದರೆ ನಾಲ್ಕು ವರ್ಷಗಳ ನಂತರ ಕೋಸ್ಟರಿಕವನ್ನು ಒಮ್ಮೆಯಾದರೂ ನೋಡುತ್ತಿದ್ದರು.

ಇಂಗ್ಲೆಂಡಿನವರು ತಮ್ಮ ತಂಡದ ಕಣ್ಣಿನಿಂದ ನೋಡುವುದು ಸಹಜವೆನ್ನೋಣ. ಬೆಂಗಳೂರಿನಲ್ಲೋ ದಾವಣಗೆರೆಯಲ್ಲೋ ಕುಳಿತ ನಮ್ಮ ಹುಡುಗರಿಗೆ ಆ ಕಣ್ಣು ಏಕೆ ಬೇಕು? ನಾವು ನಾಲ್ಕನೆಯ ತಂಡದ ಸ್ಥಾನದಲ್ಲಿ ನಿಂತವರೇ ಅಲ್ಲವೆ? 1960ರ ರೋಮ್ ಒಲಿಂಪಿಕ್ಸಿನಲ್ಲಿ ಭಾರತ ಇದ್ದ ಗುಂಪಿನಲ್ಲಿ ಹಂಗೇರಿ, ಫ್ರಾನ್ಸ್, ಪೆರು ಇದ್ದವು. ನಮ್ಮ ಕೆಂಪಯ್ಯನವರೂ ಇದ್ದ ಆ ತಂಡ ಫ್ರಾನ್ಸಿನೊಡನೆ 1-1 ಸಮಬಲ ಸಾಧಿಸಿತು, ಹಂಗೇರಿಗೆ ಒಂದೇ ಗೋಲಿನ ಅಂತರದಿಂದ ಸೋತಿತು. ಗುಂಪಿನಲ್ಲಿ ಕೊನೆಯ ಸ್ಥಾನವೇ ಬಂತು, ನಿಜ. ಆದರೂ ಆ ತಂಡದ ಆಟವನ್ನು ನೋಡದೆಯೇ ಯಾರಾದರೂ ಅದನ್ನು ಲೆಕ್ಕದಿಂದ ಬಿಟ್ಟಿದ್ದರೆ ನಮಗೆ ನೋವಾಗುತ್ತಿರಲಿಲ್ಲವೆ?

ಈ ವಿಷಯದಲ್ಲಿ ನನ್ನ ಸಿಟ್ಟಿಗೆ ಬೇರೊಂದು ಬೇರೂ ಇದೆಯೆಂದು ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ ಒಂದು ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿ ಜನವರಿ ತಿಂಗಳು ಬಂತೆಂದರೆ ಎಸ್ಸೆಸ್ಸೆಲ್ಸಿಯ ಭವಿಷ್ಯ ಆರಂಭವಾಗುತ್ತಿತ್ತು. ಯಾರಿಗೆ ಪ್ರಥಮ ದರ್ಜೆ, ಯಾರಿಗೆ ದ್ವಿತೀಯ ಎಂಬುದರ ಬಗ್ಗೆ ಬಿಸಿಬಿಸಿ ಚರ್ಚೆ. ಬಸ್ಸಿಲ್ಲದ ಹಳ್ಳಿಗಳಿಂದ ನಡೆದು ಬರುತ್ತಿದ್ದ ನಾಲ್ಕೈದು ಮಕ್ಕಳು ಫೇಲಾಗುತ್ತಾರೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವೇ ಇರುತ್ತಿರಲಿಲ್ಲ. ಅವರ ನೋಟ್ ಪುಸ್ತಕಗಳನ್ನು ಯಾರೂ ತೆರೆದು ನೋಡುತ್ತಲೂ ಇರಲಿಲ್ಲ. ಅವರಲ್ಲೊಬ್ಬಳು ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದುಕೊಂಡಾಗ ಹಿರಿಯರೊಬ್ಬರು ಆಡಿದ ಮೊದಲ ಮಾತು: "ಎಲ್ಲೋ ಕಾಪಿ ಹೊಡೆದಿರಬೇಕು."

ಕೋಸ್ಟರಿಕಕ್ಕೂ ಇದೇ ಅನುಭವವಾಯಿತು. ಇಟಲಿಯ ಮೇಲೆ ಗೆದ್ದ ದಿನ ಆ ತಂಡದ ಏಳು ಆಟಗಾರರನ್ನು ಉದ್ದೀಪನ ಮದ್ದು ಪರೀಕ್ಷೆಗೆ ಕರೆದೊಯ್ದರು. ರೂಢಿಯಲ್ಲಿ ಒಂದು ತಂಡದಿಂದ ಕರೆಯುವುದು ಇಬ್ಬರನ್ನು. ಇನ್ನುಳಿದ ಐವರು ಕೂಟಕ್ಕೆ ಮುನ್ನ ಪರೀಕ್ಷೆಗೊಳಗಾಗಿರಲಿಲ್ಲ, ಆದ್ದರಿಂದ ಹೀಗೆ ಮಾಡಿದೆವು ಎಂದು ಫಿಫಾ ವಿವರಣೆ ಕೊಟ್ಟಿತು. ವಿವರಣೆ ನಿಜವೇ ಇರಬಹುದು. ಆದರೆ ಆ ಪರೀಕ್ಷೆಗೆ ಆ ದಿನವೇ, ಆ ಗೆಲುವಿನ ಬೆನ್ನಲ್ಲೇ ಮುಹೂರ್ತ ಕೂಡಿಬಂದದ್ದು ಹೇಗೆ? ಮರಡೋನ ಬಹಿರಂಗವಾಗಿಯೇ ಇದನ್ನು ಆಕ್ಷೇಪಿಸಿದರು. ಫಲಿತಾಂಶ ಭವಿಷ್ಯಕ್ಕೆ ಹೊಂದದಿದ್ದಾಗ ಗೆದ್ದವನನ್ನು ಅನುಮಾನಿಸುವವರಿದ್ದರು. ಭವಿಷ್ಯ ಬರೆದವನನ್ನು ಕರೆದು ವಿಚಾರಿಸಿದವರನ್ನು ನಾನು ಕಾಣೆ.

ಸಣ್ಣ ತಂಡಗಳು ಯಾವಾಗಲೂ ಗೆಲ್ಲುತ್ತವೆಂದು ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಇದೇ ಕೋಸ್ಟರಿಕ 2018ರಲ್ಲಿ ಒಂದೇ ಅಂಕ ಪಡೆದು ಗುಂಪಿನ ತಳದಲ್ಲಿ ಉಳಿಯಿತು. 2022ರಲ್ಲಿ ಸ್ಪೇನಿನಿಂದ ಏಳು ಗೋಲು ತಿಂದಿತು. 2014ರ ಹೆಸರನ್ನು ನೆಚ್ಚಿ ಆಗ ಅದರ ಮೇಲೆ ಭರವಸೆಯಿಟ್ಟವರೂ ಆಟಗಾರರಿಗೆ ಎಷ್ಟು ವಯಸ್ಸಾಗಿದೆಯೆಂದು ನೋಡಲಿಲ್ಲ. ಅದೇ 2022ರಲ್ಲಿ ಜರ್ಮನಿ, ಸ್ಪೇನ್ ಇದ್ದ ಗುಂಪಿನಲ್ಲಿ ಜಪಾನ್ ಇಬ್ಬರನ್ನೂ ಸೋಲಿಸಿ ಪ್ರಥಮ ಸ್ಥಾನ ಪಡೆಯಿತು. ಮತ್ತೆ ಪವಾಡವೆಂದರು. ಆ ಜಪಾನಿ ತಂಡದಲ್ಲಿ ಹಲವರು ಜರ್ಮನಿಯ ಲೀಗಿನಲ್ಲೇ ಅನ್ನ ಸಂಪಾದಿಸುತ್ತಿದ್ದವರು!

2026ರ ಕೂಟಕ್ಕೆ ತಂಡಗಳ ಸಂಖ್ಯೆಯನ್ನು 48ಕ್ಕೆ ಏರಿಸಿ ಹನ್ನೆರಡು ಗುಂಪುಗಳನ್ನು ಮಾಡಿದರು. ಕೇಪ್ ವರ್ಡ್, ಕ್ಯುರಸಾವ್, ಜೋರ್ಡಾನ್, ಉಜ್ಬೇಕಿಸ್ತಾನ್ ಮೊದಲ ಬಾರಿಗೆ ಅರ್ಹತೆ ಗಳಿಸಿದವು. ಗುಂಪುಗಳು ಹೆಚ್ಚಿದಷ್ಟೂ ಪುಟ ತಿರುವದೆ ಸೊನ್ನೆ ಹಾಕುವ ಅವಕಾಶವೂ ಹೆಚ್ಚುತ್ತದೆ. ಪತ್ರಿಕೆಗಳಿಂದ ನಾನು ಬಯಸುವುದು ಎರಡೇ. ಗುಂಪಿನ ನಾಲ್ಕನೆಯ ತಂಡ ಅರ್ಹತಾ ಸುತ್ತಿನಲ್ಲಿ ಹೇಗೆ ಆಡಿತೆಂದು ಅರ್ಧ ಪುಟವಾದರೂ ಬರೆಯಲಿ. ಕೂಟ ಮುಗಿದ ಮೇಲೆ ತಾವು ಹಾಕಿದ್ದ ಪಟ್ಟಿಯನ್ನು ನಿಜವಾದ ಅಂಕಪಟ್ಟಿಯ ಪಕ್ಕದಲ್ಲಿಟ್ಟು ಮತ್ತೊಮ್ಮೆ ಅಚ್ಚು ಹಾಕಲಿ. ಅಂಕ ಕೊಟ್ಟವರು ಉತ್ತರಪತ್ರಿಕೆಯನ್ನು ಹಿಂದಿರುಗಿಸಬೇಕಾದದ್ದು ಧರ್ಮ.

ಇನ್ನು ನೀವು. ರಜೆಗೆ ಬಂದಾಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಯಾವ ಗುಂಪಿನ ಬಗ್ಗೆಯಾದರೂ ಧಾರಾಳವಾಗಿ ವಾದ ಮಾಡಿ, ಕಾಫಿಗೆ ಬರವಿಲ್ಲ. ಆದರೆ ಆ ಗುಂಪಿನ ನಾಲ್ಕನೆಯ ತಂಡದ ಗೋಲ್‌ಕೀಪರನ ಹೆಸರೇನು, ಅವನು ಯಾವ ಲೀಗಿನಲ್ಲಿ ಆಡುತ್ತಾನೆ ಎಂದು ಮೊದಲು ಕೇಳುತ್ತೇನೆ. ತಿಳಿದುಕೊಂಡು ಬನ್ನಿ.